ಮೊದಲ ಸಲ ಅರ್ಜಿ ಹಿಡಿದವರಿಗೆ

ಯಸಳೂರು ಹೋಬಳಿಯಲ್ಲಿ ಖಾಸಗಿ ಶಾಲೆಗಳ ಅರ್ಜಿ ಸಿಗುವ ಕಾಲವೂ ಕಾಫಿ ಕುಯ್ಲಿನ ಕಾಲವೂ ಒಂದೇ. ಡಿಸೆಂಬರ್‌ನಲ್ಲಿ ಅರೇಬಿಕಾ, ಸಂಕ್ರಾಂತಿ ಕಳೆದ ಮೇಲೆ ರೋಬಸ್ಟಾ. ಬೆಳೆಗಾರನಿಗೆ ಕಣದಲ್ಲಿ ಹರಡಿದ ಹಣ್ಣಿನ ಚಿಂತೆ, ಕುಯ್ಯುವವರಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ತಪ್ಪುವ ಚಿಂತೆ. ಇದರ ನಡುವೆಯೇ ಯಾರೋ ಬಂದು ಹೇಳುತ್ತಾರೆ, ಇಂಥ ಶಾಲೆಯಲ್ಲಿ ಎಲ್‌ಕೆಜಿ ಸೀಟು ಮುಗೀತಾ ಬಂತಂತೆ ಎಂದು. ಸಕಲೇಶಪುರದ ಕಡೆಗೋ, ಆಲೂರಿನ ಕಡೆಗೋ, ಜಿಲ್ಲೆಯ ಗಡಿ ದಾಟಿ ಕೊಡ್ಲಿಪೇಟೆ, ಶನಿವಾರಸಂತೆಯ ಕಡೆಗೋ ಓಡಾಟ ಶುರುವಾಗುತ್ತದೆ. ಈ ಗಡಿಬಿಡಿ ಎಲ್ಲ ತಂದೆತಾಯಿಗೂ ಇದ್ದದ್ದೇ. ಮಗುವಿಗೆ ಆಟಿಸಂ ಇದ್ದರೆ ಅದರ ಜೊತೆಗೆ ಇನ್ನೊಂದು ಅಳುಕು ಸೇರಿಕೊಳ್ಳುತ್ತದೆ. "ಸೇರಿಸ್ಕೊಳ್ತಾರಾ ಮೇಷ್ಟ್ರೇ?" ಎಂದು ಕೇಳುವಾಗ ಅವರ ದನಿ ತಗ್ಗುತ್ತದೆ, ಏನೋ ತಪ್ಪು ಮಾಡಿ ಬಂದವರ ಹಾಗೆ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತನಾದವನು. ಆಮೇಲೆ ನಾಲ್ಕು ವರ್ಷ ಒಂದು ಖಾಸಗಿ ಶಾಲೆಯಲ್ಲೂ ಇದ್ದೆ. ಅಲ್ಲಿ ಪ್ರತಿ ಜನವರಿ ಒಂದು ಕೋಣೆಯಲ್ಲಿ ಕುಳಿತು ಪುಟ್ಟ ಮಕ್ಕಳ 'ಇಂಟರ್‌ವ್ಯೂ' ಮಾಡುತ್ತಿದ್ದೆವು. ಸೇಬಿನ ಚಿತ್ರ ತೋರಿಸಿ ಇದೇನು ಎನ್ನುವುದು, ಕೆಂಪು ಬಣ್ಣ ಯಾವುದು ಎನ್ನುವುದು, ಹೆಸರು ಕೇಳುವುದು. ಒಂದು ವರ್ಷ ಒಬ್ಬ ಹುಡುಗ ಬಂದ. ನಾಲ್ಕೂವರೆ ವರ್ಷ ಇರಬಹುದು. ಹೆಸರು ಕೇಳಿದರೆ ತಿರುಗಿ ನೋಡಲಿಲ್ಲ, ಸೇಬನ್ನಂತೂ ಕಣ್ಣೆತ್ತಿ ನೋಡಲಿಲ್ಲ, ತಲೆಯ ಮೇಲಿನ ಫ್ಯಾನನ್ನೇ ನೋಡುತ್ತ ಕಿವಿ ಮುಚ್ಚಿಕೊಂಡಿದ್ದ. ತಾಯಿ ಬೆವರುತ್ತಿದ್ದಳು. ನಾನು ಕಾಗದದ ಮೇಲೆ ಇಂಗ್ಲಿಷಿನಲ್ಲಿ 'ನಾಟ್ ರೆಡಿ' ಎಂದು ಬರೆದೆ. ಅವರು ಹೊರಡುವಾಗ ಬಾಗಿಲ ಬಳಿ ಹುಡುಗ ಕೂತುಬಿಟ್ಟ. ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ, ದೊಡ್ಡದರಿಂದ ಚಿಕ್ಕದಕ್ಕೆ, ಗೋಡೆಗುಂಟ ಸಾಲಾಗಿ ಇಟ್ಟ. ನನ್ನವೂ ಅದರಲ್ಲಿದ್ದವು. ತಾಯಿ ನಾಚಿಕೆಯಿಂದ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ನಾನೂ ಅದನ್ನು ಕಿತಾಪತಿ ಎಂದೇ ಭಾವಿಸಿದೆ. ಜೋಡಿ ಗುರುತಿಸುವುದು, ಗಾತ್ರದ ಪ್ರಕಾರ ಕ್ರಮವಾಗಿ ಇಡುವುದು ಎರಡೂ ಎಲ್‌ಕೆಜಿ ಪಾಠವೇ ಎಂಬುದು ಹೊಳೆದದ್ದು ರಾತ್ರಿ ಊಟದ ಹೊತ್ತಿಗೆ. ಅಷ್ಟು ಹೊತ್ತಿಗೆ ಪಟ್ಟಿ ಆಫೀಸಿಗೆ ಹೋಗಿತ್ತು.

ಆ ಹುಡುಗನಿಗೆ ಆಮೇಲೆ ಏನಾಯಿತೆಂದು ವಿಚಾರಿಸುವ ಧೈರ್ಯ ನನಗೆ ಬಹಳ ದಿನ ಬರಲಿಲ್ಲ. ಈಗ ಇದನ್ನು ಬರೆಯುತ್ತಿರುವುದು ಮೇಜಿನ ಆಚೆ ಕೂತವರಿಗೆ ಏನು ಗೊತ್ತಿರುವುದಿಲ್ಲ ಎಂಬುದನ್ನು ಈಚೆ ಕೂತವರಿಗೆ ತಿಳಿಸುವುದಕ್ಕೆ.

ಮೊದಲು ಆಟಿಸಂ ಎಂದರೇನು ಎಂದು ನಿಮ್ಮ ಮಾತಿನಲ್ಲಿ ನೀವೇ ಹೇಳಿಕೊಳ್ಳಲು ಬರಬೇಕು, ಯಾಕೆಂದರೆ ಶಾಲೆಯಲ್ಲಿ ಅದನ್ನು ವಿವರಿಸಬೇಕಾದವರು ನೀವೇ. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ. ಗ್ರೀಕಿನ ಮೂಲಪದಕ್ಕೂ 'ತಾನು' ಎಂಬ ಅರ್ಥವೇ ಇದೆ. ನನಗೆ ಈ ಪದ ಅಷ್ಟಾಗಿ ಹಿಡಿಸುವುದಿಲ್ಲ. ನಾನು ಕಂಡ ಮಕ್ಕಳಲ್ಲಿ ಬಹುಪಾಲು ತಮ್ಮಲ್ಲೇ ಲೀನರಾದವರಲ್ಲ. ಹೊರಗಿನ ಸದ್ದು, ಬೆಳಕು, ನೂಕುನುಗ್ಗಲು ಎಲ್ಲ ನಮಗಿಂತ ಹೆಚ್ಚು ಜೋರಾಗಿ ಅವರ ಮೇಲೆ ಬೀಳುತ್ತವೆ. ಅದನ್ನು ತಡೆದುಕೊಳ್ಳುವುದರಲ್ಲೇ ಅವರ ಶಕ್ತಿಯೆಲ್ಲ ಖರ್ಚಾಗಿರುತ್ತದೆ. ಜೊತೆಗೆ ಮಾತು, ಕಣ್ಣೋಟ, ಕೈಸನ್ನೆಗಳಿಂದ ನಾವು ನಡೆಸುವ ವ್ಯವಹಾರ ಅವರಿಗೆ ಸುಲಭಕ್ಕೆ ಒಗ್ಗುವುದಿಲ್ಲ. ನಿನ್ನೆ ಇದ್ದ ಹಾಗೆಯೇ ಇವತ್ತೂ ಇರಬೇಕು ಎಂಬ ಹಟ ಇರುತ್ತದೆ. ಕೆಲವರು ಮಾತೇ ಆಡುವುದಿಲ್ಲ, ಕೆಲವರು ಬಸ್ಸಿನ ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ. ಇಬ್ಬರಿಗೂ ಒಂದೇ ಹೆಸರು. ಮಳೆಗೂ ಒಂದೇ ಹೆಸರು ತಾನೆ? ಹೆತ್ತೂರಿನ ಮಳೆ ಬೇರೆ, ಬೆಳಗೋಡಿನ ಮಳೆ ಬೇರೆ, ಆಲೂರು ದಾಟಿದ ಮೇಲಿನದು ಇನ್ನೂ ಬೇರೆ. ಡಾಕ್ಟರುಗಳು 'ಸ್ಪೆಕ್ಟ್ರಂ' ಎನ್ನುವುದು ಇದನ್ನೇ.

ಇದು ತಾಯಿಯ ತಪ್ಪಲ್ಲ. ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡ ವೈದ್ಯರೇ ತಾಯಿಗೆ ಪ್ರೀತಿ ಸಾಲದ್ದರಿಂದ ಹೀಗಾಗುತ್ತದೆ ಎಂದು ಬರೆದರು, ಸಾವಿರಾರು ಮನೆಗಳಲ್ಲಿ ಕಣ್ಣೀರು ಹಾಕಿಸಿದರು, ಆಮೇಲೆ ಆ ಮಾತು ಸುಳ್ಳಾಯಿತು. ಚುಚ್ಚುಮದ್ದಿನಿಂದ ಬರುತ್ತದೆ ಎಂದು 1998ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವನ್ನು 2010ರಲ್ಲಿ ಆ ಪತ್ರಿಕೆಯೇ ಹಿಂತೆಗೆದುಕೊಂಡಿತು. ನೆಂಟರು ಮದುವೆಮನೆಯಲ್ಲಿ ಹೇಳುವ ಕಾರಣಗಳಿಗೆ ನೀವು ಉತ್ತರ ಕೊಡಬೇಕಾಗಿಲ್ಲ.

ಇಲ್ಲಿ ಒಬ್ಬ ಮನುಷ್ಯನ ಕಥೆ ಹೇಳಬೇಕು. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ಎಂಬುದು ಒಂದು ಪ್ರತ್ಯೇಕ ಸ್ಥಿತಿ ಎಂದು ಜಗತ್ತಿಗೆ ತಿಳಿದದ್ದು. ಆ ಹನ್ನೊಂದರಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಅವನನ್ನು ಒಂದು ಸಂಸ್ಥೆಗೆ ಸೇರಿಸಿ ಮರೆತುಬಿಡಿ ಎಂದು ಮೊದಲು ಸಲಹೆ ಸಿಕ್ಕಿತ್ತು. ತಂದೆತಾಯಿ ಸೇರಿಸಿಯೂ ಸೇರಿಸಿದರು, ಆದರೆ ವರ್ಷದೊಳಗೆ ಮನಸ್ಸು ತಡೆಯದೆ ಮನೆಗೆ ಕರೆತಂದರು. ಆಮೇಲೆ ಕೆಲವು ವರ್ಷ ಅವನು ಊರಾಚೆಯ ಒಂದು ರೈತ ದಂಪತಿಯ ಮನೆಯಲ್ಲಿ ಬೆಳೆದ. ಅವನಿಗೆ ಎಣಿಸುವ ಹುಚ್ಚು. ಬೇಡ ಎನ್ನುವ ಬದಲು ಆ ರೈತರು ಅವನಿಗೆ ಜೋಳದ ಸಾಲು ಎಣಿಸಲು ಬಿಟ್ಟರು, ಎಣಿಸುತ್ತ ಎಣಿಸುತ್ತ ಉಳುವುದಕ್ಕೂ ಕಲಿಸಿದರು. ಊರಿನ ಶಾಲೆಗೆ ಹೋದ, ಪದವಿ ಮಾಡಿದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ಒಬ್ಬನೇ ದೇಶವಿದೇಶ ಸುತ್ತಿದ. 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಮನೆಯವರು ಹಣವಂತರಾಗಿದ್ದರು, ಅಲ್ಲಗಳೆಯುವುದಿಲ್ಲ. ಆದರೂ ಆ ಜೋಳದ ಹೊಲದ ಸಂಗತಿ ಓದಿದಾಗೆಲ್ಲ ನನಗೆ ನಮ್ಮ ತೋಟಗಳೇ ನೆನಪಾಗುತ್ತವೆ. ಮೆಣಸಿನ ಬಳ್ಳಿ ಹಬ್ಬಿಸಿದ ಮರಗಳನ್ನು ಎಣಿಸುತ್ತ ತಿರುಗುವ ಹುಡುಗನಿಗೆ ನಾವು 'ಬಾರೋ ಒಳಗೆ' ಎಂದು ಗದರುತ್ತೇವೆ.

ಹಾಗೆಂದು ಎಲ್ಲ ಮಕ್ಕಳಲ್ಲೂ ಏನೋ ಒಂದು ಅಪೂರ್ವ ಪ್ರತಿಭೆ ಅಡಗಿದೆ ಎಂದು ಹುಡುಕಲು ಹೋಗಬೇಡಿ. ಅದು ಸಿನಿಮಾದವರು ಹುಟ್ಟಿಸಿದ ಆಸೆ. ಏನೂ ವಿಶೇಷ ಇಲ್ಲದ ಮಗುವಿಗೂ ಶಾಲೆ ಬೇಕು.

ಮುಂದಿನದು ತಪಾಸಣೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಬೇಕು. 2013ರಲ್ಲಿ ಶುರುವಾದ ಕಾರ್ಯಕ್ರಮ ಇದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡಿ, ಬೆಳವಣಿಗೆಯಲ್ಲಿ ತೊಡಕು ಕಂಡರೆ ಮುಂದಕ್ಕೆ ಕಳಿಸುತ್ತಾರೆ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವವರೇ ಹೆಚ್ಚು. ದಯವಿಟ್ಟು ಕಳಿಸಿ. ಪೂರ್ಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಕೆಲಸ ಮಾಡುತ್ತಿರುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ನಮ್ಮ ದೇಶದಲ್ಲಿ ವಿಕಲತೆಯ ಪ್ರಮಾಣಪತ್ರಕ್ಕಾಗಿ ಬಳಸುವ ಅಳತೆಗೆ ಇಸಾ ಎನ್ನುತ್ತಾರೆ. ಅದರಲ್ಲಿ ನಲವತ್ತು ಅಂಶಗಳಿವೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಇಲ್ಲಿ ಅಂಕ ಹೆಚ್ಚಾದಷ್ಟೂ ತೊಡಕು ಹೆಚ್ಚು. ಶಾಲೆಯ ಅಂಕಪಟ್ಟಿಗೆ ಒಗ್ಗಿಹೋದ ಒಬ್ಬ ತಂದೆ "ಇವನಿಗೆ ನೂರಾ ಹತ್ತು ಬಂದಿದೆ" ಎಂದು ಹೇಳುವಾಗ ಮುಖದಲ್ಲಿ ಸಣ್ಣ ನಗು ಇತ್ತು. ತಿದ್ದುವ ಮನಸ್ಸಾಗಲಿಲ್ಲ.

ವಿಕಲತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಕಾನೂನಿನ ಬಹುಪಾಲು ಸವಲತ್ತುಗಳಿಗೆ ಬಾಗಿಲು ತೆರೆಯುತ್ತದೆ. ಅದಕ್ಕೆ ಅರ್ಜಿ ಹಾಕುವುದು ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿನ ಜಾಲತಾಣದಲ್ಲಿ, ಪರೀಕ್ಷೆ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಬಹಳ ಕಡೆ ಅವರೂ ವಿಕಲಚೇತನರೇ. ಅರ್ಜಿ ತುಂಬಿಸುವುದು ಅವರಿಗೆ ಕರಗತ. ಅಲ್ಲೇ ನಿರಾಮಯ ವಿಮೆಯನ್ನೂ ಕೇಳಿ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಅಡಿ ಬಂದ ಆರೋಗ್ಯ ವಿಮೆ ಅದು, ಆಟಿಸಂ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ಮಾತಿನ ಥೆರಪಿಯ ಖರ್ಚಿಗೂ ಸಿಗುತ್ತದೆ.

ಪ್ರಮಾಣಪತ್ರ ಮಾಡಿಸಿದರೆ ಮಗುವಿನ ಹಣೆಗೆ ಚೀಟಿ ಅಂಟಿಸಿದ ಹಾಗಾಗುತ್ತದೆ ಎಂದು ಅಜ್ಜಿಯರು ಹೆದರುತ್ತಾರೆ. ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಚೀಟಿ ಇಲ್ಲದಿದ್ದರೆ ಶಾಲೆಯವರು ತಮ್ಮದೇ ಚೀಟಿ ಅಂಟಿಸುತ್ತಾರೆ: ಹಟಮಾರಿ, ದಡ್ಡ, ಮನೆಯಲ್ಲಿ ಶಿಸ್ತು ಕಲಿಸಿಲ್ಲ.

ಈಗ ಕಾನೂನಿಗೆ ಬರೋಣ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ, ಯಾಕೆಂದರೆ ನಮ್ಮ ಕಡೆ ಇದರ ಬಗ್ಗೆ ಅರ್ಧಂಬರ್ಧ ತಿಳಿವಳಿಕೆಯೇ ಜಾಸ್ತಿ.

ಬಹಳ ಮಂದಿ ಬಂದೊಡನೆ ಕೇಳುವುದು "ಆರ್‌ಟಿಇ ಸೀಟು ಸಿಗುತ್ತಾ" ಎಂದು. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಖಾಸಗಿ ಅನುದಾನರಹಿತ ಶಾಲೆಗಳು ಕಾಲುಭಾಗ ಸೀಟನ್ನು ದುರ್ಬಲ ವರ್ಗದ, ಅವಕಾಶವಂಚಿತ ಮಕ್ಕಳಿಗೆ ಉಚಿತವಾಗಿ ಕೊಡಬೇಕು ಎಂದಿತು. 2012ರ ತಿದ್ದುಪಡಿಯಲ್ಲಿ ವಿಕಲಚೇತನ ಮಕ್ಕಳೂ ಆ ಪಟ್ಟಿಗೆ ಸೇರಿದರು. ಇಷ್ಟು ಕೇಳಿದರೆ ಖುಷಿಯಾಗುತ್ತದೆ. ಆದರೆ ಕರ್ನಾಟಕ ಸರ್ಕಾರ 2019ರ ಹೊತ್ತಿಗೆ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲ. ಹೈಕೋರ್ಟೂ ಅದೇ ವರ್ಷ ಆ ಬದಲಾವಣೆಯನ್ನು ಎತ್ತಿಹಿಡಿಯಿತು. ನಮ್ಮ ಬೆಟ್ಟದ ಊರುಗಳಲ್ಲಿ ಹತ್ತು ಮಕ್ಕಳಿದ್ದರೂ ಒಂದು ಸರ್ಕಾರಿ ಶಾಲೆ ಇರುತ್ತದೆ. ಹಾಗಾಗಿ ಆ ಉಚಿತ ಸೀಟಿನ ದಾರಿ ಇಲ್ಲಿ ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ಅದನ್ನೇ ನಂಬಿ ವರ್ಷ ಕಳೆಯಬೇಡಿ.

ಅದೇ ಕಾಯ್ದೆಯ 13ನೇ ಕಲಮು ನಿಮಗೆ ಕೆಲಸಕ್ಕೆ ಬರುತ್ತದೆ. ದಾಖಲಾತಿಗೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ಸಲದ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50,000ದವರೆಗೆ ದಂಡ. ಡೊನೇಷನ್ ಕೇಳಿದರೆ ಕೇಳಿದ್ದರ ಹತ್ತು ಪಟ್ಟಿನವರೆಗೂ ದಂಡ. ನಾನು ಸೇಬಿನ ಚಿತ್ರ ಹಿಡಿದು ಕೂತಿದ್ದ ಕೋಣೆ ಯಾವ ಬಗೆಯದ್ದು ಎಂದು ಈಗ ಅರ್ಥವಾಗಿರಬೇಕು. ಒಂದು ತೊಡಕಿದೆ: ಈ ಕಾಯ್ದೆ ಮಾತಾಡುವುದು 6ರಿಂದ 14 ವರ್ಷದ ಮಕ್ಕಳ ಬಗ್ಗೆ. ಆರು ವರ್ಷದೊಳಗಿನ ನರ್ಸರಿ ದಾಖಲಾತಿಗೆ ಈ ನಿರ್ಬಂಧ ಅನ್ವಯವಾಗದು ಎಂದು 2013ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ನಾವು ಪರೀಕ್ಷೆ ಮಾಡುತ್ತಿದ್ದದ್ದೂ ಎಲ್‌ಕೆಜಿಗೇ, ಒಂದನೇ ತರಗತಿಗಲ್ಲ. ಶಾಲೆಗಳಿಗೆ ಕಾನೂನು ಗೊತ್ತಿಲ್ಲ ಎಂದುಕೊಳ್ಳಬೇಡಿ.

ಹಾಗಾದರೆ ಎಲ್‌ಕೆಜಿಗೆ ಹೋದವರು ಹಿಡಿದುಕೊಳ್ಳುವುದು ಯಾವುದನ್ನು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದಕ್ಕೆ ಮುಂಚಿನ 1995ರ ಕಾಯ್ದೆಯ ಏಳು ಅಂಗವಿಕಲತೆಗಳಲ್ಲಿ ಆಟಿಸಂನ ಹೆಸರೇ ಇರಲಿಲ್ಲ. ಹೊಸದರ ಇಪ್ಪತ್ತೊಂದರಲ್ಲಿ ಇದೆ. ಇದರ 16ನೇ ಕಲಮಿನಲ್ಲಿ ಒಂದು ಪದವನ್ನು ಗೆರೆ ಹಾಕಿ ಇಟ್ಟುಕೊಳ್ಳಿ: ಸರ್ಕಾರದಿಂದ ಹಣ ಪಡೆದ ಅಥವಾ 'ಮಾನ್ಯತೆ ಪಡೆದ' ಶಿಕ್ಷಣ ಸಂಸ್ಥೆಗಳು. ಮಾನ್ಯತೆ ಇಲ್ಲದೆ ಯಾವ ಖಾಸಗಿ ಶಾಲೆಯೂ ನಡೆಯುವಂತಿಲ್ಲ. ಅಂಥ ಸಂಸ್ಥೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಆಟಪಾಠಗಳಲ್ಲಿ ಉಳಿದವರ ಜೊತೆ ಅವಕಾಶ ಕೊಡಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಳ್ಳಬೇಕು. ಈ ಕಲಮಿನಲ್ಲಿ ವಯಸ್ಸಿನ ಮಾತಿಲ್ಲ. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ ಐದು ಲಕ್ಷದವರೆಗೆ ದಂಡ.

ಫೀಸಿನ ಮಾತು ಬೇರೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಅದೇ ಕಾಯ್ದೆಯಲ್ಲಿದೆ. ಅದನ್ನು ನೋಡಿಕೊಳ್ಳಬೇಕಾದದ್ದು ಸರ್ಕಾರ. ಖಾಸಗಿ ಶಾಲೆಗೆ ಎಲ್ಲರಂತೆ ಫೀಸು ಕಟ್ಟಬೇಕು. ಎಲ್ಲರಿಗಿಂತ ಹೆಚ್ಚು ಕೇಳಿದರೆ ಮಾತ್ರ ಪ್ರಶ್ನಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಕಾನೂನನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಮೊದಲ ಭೇಟಿಯಲ್ಲೇ ಕಲಮಿನ ಸಂಖ್ಯೆ ಹೇಳಿದರೆ ಹೆಡ್‌ಮಿಸ್ಸು ಆಡಳಿತ ಮಂಡಳಿಗೆ ಫೋನ್ ಮಾಡುತ್ತಾರೆ. ಅಲ್ಲಿಂದ ಮುಂದೆ ಮಗುವಿನ ವಿಷಯ ಮಾತಿಗೇ ಬರುವುದಿಲ್ಲ.

ಮೊದಲ ಭೇಟಿಗೆ ಮಗುವನ್ನು ಕರೆದೊಯ್ಯಬೇಡಿ. ಇಬ್ಬರಲ್ಲಿ ಒಬ್ಬರು ಹೋಗಿ ಬನ್ನಿ, ಅದೂ ಶಾಲೆ ನಡೆಯುತ್ತಿರುವ ದಿನ, ಊಟದ ಬೆಲ್ಲಿನ ಹೊತ್ತಿಗೆ. ಗೋಡೆಯ ಮೇಲಿನ ಪೇಂಟಿಂಗು, ಕಂಪ್ಯೂಟರ್ ಕೋಣೆ ತೋರಿಸುತ್ತಾರೆ, ನೋಡಿ ತಲೆಯಾಡಿಸಿ. ನೀವು ನಿಜವಾಗಿ ಗಮನಿಸಬೇಕಾದದ್ದು ಬೇರೆ. ಬೆಲ್ಲು ಕಬ್ಬಿಣದ ತುಂಡಿಗೆ ಹೊಡೆಯುವುದೋ ಕರೆಂಟಿನದ್ದೋ? ಕೈ ತೊಳೆಯುವ ಕಡೆ ನೂಕಾಟ ಎಷ್ಟು? ತರಗತಿಯಲ್ಲಿ ಎಷ್ಟು ಮಕ್ಕಳು? ಅಳುತ್ತಿರುವ ಯಾವುದೋ ಮಗುವಿನ ಹತ್ತಿರ ಯಾರು ಹೋಗುತ್ತಾರೆ? ಆ ಹೋಗುವವರ ಹೆಸರು ಕೇಳಿಕೊಳ್ಳಿ, ಆಯಮ್ಮನಾಗಿದ್ದರೂ ಸರಿ. ಶಾಲೆ ಆರಿಸುವಾಗ ನಾನು ಎಣಿಸುವುದು ಎರಡನ್ನೇ, ಮನೆಯಿಂದ ದೂರ ಮತ್ತು ಆ ಒಬ್ಬ ವ್ಯಕ್ತಿ. ಸಿಬಿಎಸ್‌ಇಯೋ ಸ್ಟೇಟೋ ಎಂಬುದು ಐದನೇ ತರಗತಿಯವರೆಗೆ ಲೆಕ್ಕಕ್ಕೇ ಇಲ್ಲ. ಒಂದು ಗಂಟೆ ಘಾಟಿಯಲ್ಲಿ ವ್ಯಾನಿನೊಳಗೆ ತೂಗಾಡಿ ಬಂದ ಮಗು ಪ್ರಾರ್ಥನೆಯ ಹೊತ್ತಿಗೇ ದಣಿದಿರುತ್ತದೆ.

ಹೇಳಬೇಕೋ ಮುಚ್ಚಿಡಬೇಕೋ? ಹೇಳಿ. ಮುಚ್ಚಿಟ್ಟು ಸೇರಿಸಿದವರನ್ನು ನಾನು ಕಂಡಿದ್ದೇನೆ. ಜೂನ್ ಮೂರನೇ ವಾರಕ್ಕೆ ಫೋನು ಬರುತ್ತದೆ, "ನೀವು ಮೊದಲೇ ಹೇಳಬೇಕಿತ್ತು" ಎಂಬ ಒಂದೇ ವಾಕ್ಯದಲ್ಲಿ ಶಾಲೆ ತನ್ನ ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟುತ್ತದೆ. ಆದರೆ ಆಸ್ಪತ್ರೆಯ ವರದಿಯನ್ನು ಮೊದಲು ಮೇಜಿನ ಮೇಲೆ ಇಡಬೇಡಿ. ಅದು ಇಂಗ್ಲಿಷಿನಲ್ಲಿ, ಡಾಕ್ಟರು ಡಾಕ್ಟರಿಗೆ ಬರೆದದ್ದು. ಓದಿದ ಟೀಚರಿಗೆ ಹೆದರಿಕೆ ಬಿಟ್ಟು ಇನ್ನೇನೂ ಆಗುವುದಿಲ್ಲ. ಬದಲಿಗೆ ನೀವೇ ಒಂದು ಹಾಳೆ ಬರೆಯಿರಿ, ಕನ್ನಡದಲ್ಲೇ. ನಮ್ಮ ಕಡೆಯ ಒಬ್ಬ ತಾಯಿ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು: ಹೆಸರು ಕೂಗಿದರೆ ತಿರುಗುವುದಿಲ್ಲ, ಎದುರು ಬಂದು ಕುಳಿತು ಕೂಗಿದರೆ ತಿರುಗುತ್ತಾನೆ. ನೀರು ಬೇಕಾದರೆ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ, ಅದು ತುಂಟತನ ಅಲ್ಲ. ಬಿಳಿ ಅನ್ನ, ಚಪಾತಿ, ಬಾಳೆಹಣ್ಣು ಬಿಟ್ಟು ಬೇರೆ ತಿನ್ನುವುದಿಲ್ಲ, ಬಲವಂತ ಮಾಡಿದರೆ ವಾಂತಿ. ಮಿಕ್ಸಿ ಮತ್ತು ತಮಟೆ ಸದ್ದಿಗೆ ಕಿವಿ ಮುಚ್ಚುತ್ತಾನೆ, ಮೂಲೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತಾನೆ. ಹೊಡೆದರೆ ಎರಡು ದಿನ ಯಾರ ಹತ್ತಿರವೂ ಬರುವುದಿಲ್ಲ. ಶೂ ಲೇಸು ಕಟ್ಟಲು ಬರುವುದಿಲ್ಲ, ಅಂಟುಪಟ್ಟಿಯ ಶೂ ಹಾಕಿ ಕಳಿಸುತ್ತೇನೆ. ನನ್ನ ಫೋನು ಯಾವಾಗಲೂ ಆನ್ ಇರುತ್ತದೆ.

ಆ ಹಾಳೆಯನ್ನು ತರಗತಿಯ ಮಿಸ್ಸು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಿದ್ದರು. ವರದಿ ಆಫೀಸಿನ ಬೀರುವಿನಲ್ಲಿತ್ತು.

ಎರಡನೇ ಭೇಟಿಗೆ ಮಗುವಿನ ಜೊತೆ ಹೋಗಿ, ಶಾಲೆ ಬಿಟ್ಟ ಮೇಲೆ, ಖಾಲಿ ಅಂಗಳಕ್ಕೆ. ಟೀಚರು ಹೆಸರು ಕೇಳಬಾರದು, ಚಿತ್ರ ತೋರಿಸಬಾರದು, ಸುಮ್ಮನೆ ಹತ್ತಿರ ಕೂತಿರಬೇಕು ಎಂದು ಮೊದಲೇ ವಿನಂತಿಸಿ. ಕೆಲವರಿಗೆ ಇದು ವಿಚಿತ್ರ ಎನಿಸಬಹುದು. ಒಪ್ಪಿಕೊಂಡವರ ಶಾಲೆ ಒಳ್ಳೆಯದಿರುವ ಸಂಭವ ಹೆಚ್ಚು.

ಖಾಸಗಿ ಶಾಲೆಗಳು ಈಚೆಗೆ ಹೇಳುವ ಎರಡು ಮಾತುಗಳಿಗೆ ಸಿದ್ಧರಾಗಿರಿ. ಒಂದು, ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಎಂಬುದು. ಮಗು ಮೊದಲೇ ಮಾತಿಗೆ ತಿಣುಕುತ್ತಿದೆ, ಎರಡು ಭಾಷೆ ಯಾಕೆ ಎಂಬ ತರ್ಕ. ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಎರಡು ಭಾಷೆ ಕೇಳಿ ಬೆಳೆದದ್ದರಿಂದ ಮಾತು ಹಿಂದೆ ಬಿತ್ತು ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಅಜ್ಜಿ ಆಡುವ ಮಾತನ್ನು ಮನೆಯಿಂದ ತೆಗೆದುಹಾಕಿದರೆ ಮಗುವಿನ ಜೊತೆ ದಿನವಿಡೀ ಮಾತಾಡುವ ಒಬ್ಬರೇ ವ್ಯಕ್ತಿ ಮೂಕರಾಗುತ್ತಾರೆ. ಕನ್ನಡವೋ, ತುಳುವೋ, ಮನೆಮಾತು ಯಾವುದೋ ಅದನ್ನೇ ಆಡಿ.

ಎರಡನೆಯದು ಶ್ಯಾಡೋ ಟೀಚರ್. ಮಗುವಿನ ಪಕ್ಕ ಕೂರಲು ಒಬ್ಬರನ್ನು ನೀವೇ ಸಂಬಳ ಕೊಟ್ಟು ತನ್ನಿ, ಆಗ ಸೇರಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ನಡೆಯುವ ಈ ಪದ್ಧತಿ ಬೆಟ್ಟ ಹತ್ತಿ ಬಂದಿದೆ, ತರಬೇತಿಯಾದವರು ಮಾತ್ರ ಜೊತೆಗೆ ಬಂದಿಲ್ಲ. ವಿಶೇಷ ಶಿಕ್ಷಕರ ಹೊಣೆ ಶಾಲೆಯದ್ದೂ ಸರ್ಕಾರದ್ದೂ ಹೌದು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮುಂದಿನ ಹಂತಗಳಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ಹುದ್ದೆಗಳು ಭರ್ತಿಯಾಗಿಲ್ಲ, ಆದ್ದರಿಂದ 2025ರಲ್ಲಿ ಅದೇ ಕೋರ್ಟು ರಾಜ್ಯಗಳಿಗೆ ಮತ್ತೆ ತಾಕೀತು ಮಾಡಬೇಕಾಯಿತು. ಅಲ್ಲಿಯವರೆಗೆ ಏನು ಮಾಡುವುದು? ಮೊದಲ ಒಂದು ತಿಂಗಳು ಮನೆಯವರೊಬ್ಬರು ತರಗತಿಯ ಹೊರಗೆ ಜಗಲಿಯ ಮೇಲೆ ಕೂರುತ್ತೇವೆ ಎಂದು ಒಪ್ಪಿಕೊಂಡು, ತಿಂಗಳ ಕೊನೆಗೆ ಮತ್ತೆ ಕೂತು ಮಾತಾಡೋಣ ಎಂದು ದಿನಾಂಕ ಬರೆಸಿಕೊಳ್ಳಿ. ದಿನಾಂಕ ಇಲ್ಲದಿದ್ದರೆ ಜಗಲಿಯಲ್ಲಿ ಕೂತ ಅಜ್ಜಿ ಏಳನೇ ತರಗತಿಯವರೆಗೂ ಅಲ್ಲೇ ಇರುತ್ತಾರೆ.

ಆರು ವರ್ಷದೊಳಗೆ ತರಬೇತಿ ಸಿಕ್ಕರೆ ಸಾಮಾನ್ಯ ಶಾಲೆಗೆ ಹೊಂದಿಕೊಳ್ಳುವುದು ಎಷ್ಟೋ ಮಕ್ಕಳಿಗೆ ಸುಲಭವಾಗುತ್ತದೆ. ಬೆಂಗಳೂರಿನಲ್ಲಿ ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತರು, ಶಿವರಾಮ ಕಾರಂತರ ಸೊಸೆ, 'ಕಾಮ್ ಡೀಲ್' ಎಂಬ ಕಾರ್ಯಕ್ರಮವನ್ನು ಕಟ್ಟಿದ್ದೇ ಈ ಉದ್ದೇಶಕ್ಕೆ: ಮಾತು, ಚಲನೆ, ಬೆರೆಯುವ ಬಗೆ ಎಲ್ಲವನ್ನೂ ಒಟ್ಟಿಗೆ ಕಲಿಸಿ ಶಾಲೆಗೆ ಕಳಿಸುವುದು. ಯಸಳೂರಿನಿಂದ ಅಲ್ಲಿಗೆ ದಿನಾ ಹೋಗಲಾಗದು. ಮೈಸೂರಿಗೋ ಬೆಂಗಳೂರಿಗೋ ಹೋಗಿ ಕಲಿತು ಬಂದು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮಾಡಿಸಿದರೂ, ಏನೂ ಮಾಡದೆ ಕಾಯುವುದಕ್ಕಿಂತ ಮೇಲು.

ಶಾಲೆ ಬೇಡ ಎಂದರೆ? ಬಾಯಲ್ಲಿ ಹೇಳಿದ್ದನ್ನು ಬಾಯಲ್ಲೇ ಬಿಟ್ಟುಬರಬೇಡಿ. ಒಂದು ಅರ್ಜಿ ಬರೆದು ಕೊಟ್ಟು ಹಿಂಬರಹ ಕೇಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಲಿಖಿತವಾಗಿ 'ಆಟಿಸಂ ಇರುವುದರಿಂದ ಸೇರಿಸಿಕೊಳ್ಳುವುದಿಲ್ಲ' ಎಂದು ಬರೆಯಲು ಯಾವ ಮುಖ್ಯೋಪಾಧ್ಯಾಯರಿಗೂ ಕೈ ಬರುವುದಿಲ್ಲ. ಎಷ್ಟೋ ಪ್ರಕರಣ ಇಲ್ಲಿಗೇ ತಿಳಿಯಾಗುತ್ತದೆ. ಆಗದಿದ್ದರೆ ಸಕಲೇಶಪುರದ ಬಿಇಒ, ಆಮೇಲೆ ಹಾಸನದ ಡಿಡಿಪಿಐ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ, ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ. ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇದೆ. ಒಂದು ಎಚ್ಚರಿಕೆ: ತೀವ್ರ ವಿಕಲತೆ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಹೇಳುತ್ತದೆ. ಕೆಲವು ಶಾಲೆಗಳು ಇದನ್ನೇ ತೋರಿಸಿ "ನಿಮ್ಮ ಮಗುವಿಗೆ ಮನೆಯೇ ಒಳ್ಳೇದು" ಎನ್ನುತ್ತವೆ. ಆ ಆಯ್ಕೆ ಇರುವುದು ಮಗುವಿನ ಮನೆಯವರಿಗೆ, ಶಾಲೆಗಲ್ಲ.

ಹಾಗೆಂದು ಗೆದ್ದು ಸೇರಿಸಿದ ಶಾಲೆ ಒಳ್ಳೆಯ ಶಾಲೆಯಾಗಿಬಿಡುವುದಿಲ್ಲ. ಬೇಡವೆಂದವರ ಮನೆಯಲ್ಲಿ ಮಗುವನ್ನು ದಿನಕ್ಕೆ ಆರು ಗಂಟೆ ಬಿಡಬೇಕೇ ಎಂದು ಯೋಚಿಸಿ. ನನ್ನನ್ನು ಕೇಳಿದರೆ, ಇಪ್ಪತ್ತು ಮಕ್ಕಳಿರುವ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಬ್ಬರು ಸಮಾಧಾನದ ಟೀಚರಿದ್ದರೆ ಅಲ್ಲಿಗೇ ಸೇರಿಸಿ ಎನ್ನುತ್ತೇನೆ. ಮನೆಗೆ ಹತ್ತಿರ, ಸದ್ದು ಕಡಿಮೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಬಿಐಇಆರ್‌ಟಿ ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರು ಆಗಾಗ ಬರುತ್ತಾರೆ. ಆಗಾಗ ಎಂದರೆ ಎಷ್ಟು ಸಲ ಎಂದು ಕೇಳಬೇಡಿ, ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟೇ ಜನ ಇರುತ್ತಾರೆ. ಸರ್ಕಾರಿ ಶಾಲೆಯಲ್ಲಿ ದುಡಿದವನ ಪಕ್ಷಪಾತ ಇದು ಎಂದು ನೀವು ಅಂದುಕೊಂಡರೆ ಅದೂ ನಿಜವಿರಬಹುದು.

ಸೀಟು ಸಿಕ್ಕಿತೆಂದುಕೊಳ್ಳಿ. ಮೇ ಕೊನೆಗೆ ಶಾಲೆ ತೆರೆಯುತ್ತದೆ, ಜೂನಿಗೆ ಮಳೆ ಹಿಡಿಯುತ್ತದೆ. ಶೀ‌ಟಿನ ಮಾಡಿನ ಮೇಲೆ ಮಳೆ ಬಿದ್ದಾಗ ನಮಗೇ ಪಕ್ಕದವರ ಮಾತು ಕೇಳಿಸುವುದಿಲ್ಲ. ಅಂಥ ಸದ್ದಿನಲ್ಲಿ, ಹೊಸ ಯೂನಿಫಾರಂ ಮೈ ಚುಚ್ಚುವಾಗ, ಒದ್ದೆ ಸಾಕ್ಸಿನಲ್ಲಿ, ಗುರುತಿಲ್ಲದ ಮೂವತ್ತು ಮಕ್ಕಳ ನಡುವೆ ಕೂತ ಮಗು ಅಳದೆ ಇನ್ನೇನು ಮಾಡುತ್ತದೆ? ಯೂನಿಫಾರಂ ಏಪ್ರಿಲ್‌ನಲ್ಲೇ ಹೊಲಿಸಿ ಹತ್ತು ಸಲ ಒಗೆದು ಮೆತ್ತಗಾಗಿಸಿ, ಕಾಲರಿನ ಚೀಟಿ ಕತ್ತರಿಸಿ. ಒಂದು ಜೊತೆ ಒಣ ಸಾಕ್ಸು ಚೀಲದಲ್ಲಿರಲಿ. ಗೋಡೆಯ ಪಕ್ಕದ ಜಾಗ ಕೇಳಿ. ಮೊದಲ ವಾರ ಪ್ರಾರ್ಥನೆ ಮುಗಿದ ಮೇಲೆ ಕರೆತರುತ್ತೇವೆ, ಊಟದ ಹೊತ್ತಿಗೆ ಕರೆದೊಯ್ಯುತ್ತೇವೆ ಎಂದು ಕೇಳಿ, ಇದಕ್ಕೆ ಶಾಲೆಗೆ ಒಂದು ಪೈಸೆ ಖರ್ಚಿಲ್ಲ. ಸಾಧ್ಯವಾದರೆ ಶಾಲೆ ತೆರೆಯುವ ಮುಂಚಿನ ವಾರ ಮೂರು ದಿನ ಖಾಲಿ ಶಾಲೆಗೆ ಹೋಗಿ ಬನ್ನಿ. ಕೊಳಾಯಿ ಎಲ್ಲಿದೆ, ಪಾಯಿಖಾನೆ ಎಲ್ಲಿದೆ ಎಂದು ನೋಡಲಿ, ಬೆಲ್ಲನ್ನು ಒಂದು ಸಲ ತಾನೇ ಹೊಡೆಯಲಿ.

ಮಾತಿಲ್ಲದ ಮಗುವಿಗೆ ದಿನದ ಕ್ರಮವನ್ನು ಚಿತ್ರದಲ್ಲಿ ತೋರಿಸುವ ಪದ್ಧತಿ ಇದೆ. ಹಲ್ಲುಜ್ಜುವುದು, ತಿಂಡಿ, ವ್ಯಾನು, ಶಾಲೆ, ಮನೆ, ಹೀಗೆ ಒಂದೊಂದಕ್ಕೂ ಒಂದು ಕಾರ್ಡು, ಗೋಡೆಗೆ ಸಾಲಾಗಿ. ಆದದ್ದನ್ನು ತೆಗೆದು ಡಬ್ಬಿಗೆ ಹಾಕಬೇಕು. ಪೇಟೆಯ ಮಕ್ಕಳಿಗೆ ಇಷ್ಟು ಸಾಕು. ನಮ್ಮಲ್ಲಿ ಬೆಳಿಗ್ಗೆ ಎದ್ದರೆ ಅರಣ್ಯ ಇಲಾಖೆಯವರ ಸಂದೇಶ ಬಂದಿರುತ್ತದೆ, ಇಂಥ ತೋಟದಲ್ಲಿ ಕಾಡಾನೆ ಇದೆ, ಆ ದಾರಿಯಲ್ಲಿ ಓಡಾಡಬೇಡಿ ಎಂದು. ವ್ಯಾನು ಬರುವುದಿಲ್ಲ. ಯೂನಿಫಾರಂ ಹಾಕಿ ಗೇಟಿನ ಬಳಿ ನಿಂತ ಹುಡುಗ ಕಾರ್ಡಿನಲ್ಲಿದ್ದ ವ್ಯಾನು ಬರಲಿಲ್ಲವೆಂದು ಇಡೀ ಬೆಳಿಗ್ಗೆ ನೆಲಕ್ಕೆ ಬಿದ್ದು ಅತ್ತದ್ದುಂಟು. ಹಾಳೆ ಬರೆದಿದ್ದ ಆ ತಾಯಿ ಆಮೇಲೆ ಹಳೆಯ ಕ್ಯಾಲೆಂಡರಿನಿಂದ ಒಂದು ಆನೆಯನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದಳು. ಸಂದೇಶ ಬಂದ ದಿನ ವ್ಯಾನಿನ ಕಾರ್ಡು ತೆಗೆದು ಅಲ್ಲಿ ಆನೆಯನ್ನು ಸಿಕ್ಕಿಸುತ್ತಾಳೆ. ಹುಡುಗ ಅದನ್ನು ನೋಡುತ್ತಾನೆ, ಶೂ ಬಿಚ್ಚುತ್ತಾನೆ, ಮನೆಯ ಚಪ್ಪಲಿಗಳ ಸಾಲಿನಲ್ಲಿ ಅದರ ಜಾಗಕ್ಕೆ ಇಟ್ಟು ಒಳಗೆ ಹೋಗುತ್ತಾನೆ.